ಸ್ವಂತ ಮನೆ ಬೇಡ ಅನ್ನುವ ಹಮಾಲರು

ಬಡವರಿಗೆ ಬಾಡಿಗೆ ಮನೆಯನ್ನೂ ಕೊಡುವ ಕೇಂದ್ರದ ಯೋಜನೆಯ ಮಾರ್ಗಸೂಚಿಯಲ್ಲಿ, ಆ ಬಾಡಿಗೆ ಮನೆ ಯಾರಿಗೆ ಅಂತ ಬರೆದಿದ್ದಾರೆ. ಸ್ವಂತ ಮನೆ ಬೇಡ ಅನ್ನುವವರಿಗೆ, ಇಲ್ಲವೇ ಕಟ್ಟುವ, ಕೊಳ್ಳುವ ಶಕ್ತಿ ಇಲ್ಲದವರಿಗೆ. ಎರಡನೆಯದು ಗೊತ್ತಿದ್ದದ್ದೇ. ಮೊದಲನೆಯದು ಓದಿದ ಮೇಲೆ ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಮೇಲೆ ನನಗೆ ಗೌರವ ಜಾಸ್ತಿಯಾಗಿದೆ. ಎಂಥಾ ವೈರಾಗ್ಯ! ಮೇ ತಿಂಗಳ 42 ಡಿಗ್ರಿಯಲ್ಲಿ ತಗಡಿನ ಶೀಟಿನ ಕೆಳಗೆ ಮಲಗುತ್ತಾರೆ, ಸ್ವಂತ ಮನೆ ಮಾತ್ರ ಬೇಡವಂತೆ.

ಯೋಜನೆಯ ಹೆಸರು ಪ್ರಧಾನಮಂತ್ರಿ ಆವಾಸ್ ಯೋಜನೆ, ನಗರ 2.0. ಶುರುವಾದದ್ದು 2024ರಲ್ಲಿ. ಇದರ ಅಣ್ಣ 2015ರಲ್ಲಿ ಹುಟ್ಟಿದ್ದ. 2022ರೊಳಗೆ ಎಲ್ಲರಿಗೂ ಮನೆ ಅಂದಿದ್ದ. 2022 ಹೇಳಿದ ಟೈಮಿಗೆ ಸರಿಯಾಗಿ ಬಂತು. ಅಷ್ಟಾದರೂ ಆಯ್ತಲ್ಲ.

ತೀರಾ ಬಡವರ ಸಾಲಿಗೆ ಸೇರಬೇಕಾದರೆ ಮನೆಯವರೆಲ್ಲರ ಆದಾಯ ವರ್ಷಕ್ಕೆ 3 ಲಕ್ಷ ದಾಟಬಾರದು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮನೆ ಇದ್ದವನು ಒಂದು ಖಾತಾ ತೋರಿಸಿದರೆ ಮುಗಿಯಿತು. ಇಲ್ಲದವನು ಮಾತ್ರ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನನಗೇನೂ ಇಲ್ಲ ಅಂತ ಬರೆದುಕೊಡಬೇಕು.

ಸರ್ಕಾರದ ಬಾಡಿಗೆ ಮನೆ ಬರುವ ತನಕ ಗಂಜ್ ಹಿಂದಿನ ಓಣಿಗಳೇ ಗತಿ. ಬಾಗಿಲಿಗೆ ‘ಮನೆ ಬಾಡಿಗೆಗೆ ಇದೆ’ ಅನ್ನುವ ಬೋರ್ಡು. ಒಳಗೆ ಸಂದರ್ಶನ.

‘ಎಷ್ಟ್ ಮಂದಿ ಅದೀರಿ?’

‘ಐದ್ ಮಂದಿರೀ.’

‘ನಮ್ಮಲ್ಲಿ ನೀರು ನಾಕ್ ಮಂದಿಗೇ ಸಾಲ್ತದ. ಖಂಡ ಬೇಯಿಸ್ತೀರೇನು?’

ಇದಕ್ಕೆ ‘ಇಲ್ರೀ’ ಅಂದರೂ ಪಾಸಾಗುವುದಿಲ್ಲ. ಕೊನೇ ಪ್ರಶ್ನೆ ಬಾಕಿ ಇರುತ್ತದೆ. ‘ಊರಾಗ ನಿಮ್ಮ ಮನಿ ಎಲ್ಲಿ ಬರ್ತದ?’ ಜಾತಿ ಕೇಳುವುದು ತಪ್ಪು ಅಂತ ಮಾಲೀಕರಿಗೆ ಗೊತ್ತು. ಅದಕ್ಕೇ ಸುಮ್ನೆ ಭೂಗೋಳ ಕೇಳುತ್ತಾರೆ. ಊರಲ್ಲಿ ಮನೆ ಇದೆಯಾ ಅನ್ನುವುದು ಸರ್ಕಾರದ ಚಿಂತೆ. ಎಲ್ಲಿದೆ ಅನ್ನುವುದು ಮಾಲೀಕರದು. ಊರ ಹೊರಗೆ ಗುಡಿಸಲು ಇದ್ದವನು ಸರ್ಕಾರದ ಪರೀಕ್ಷೆಯಲ್ಲಿ ಪಾಸು, ಇಲ್ಲಿ ಫೇಲು.

ಹೇಗೋ ಪಾಸಾದ ಅಂತಿಟ್ಟುಕೊಳ್ಳಿ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಪಡೆಯಬಾರದು ಅಂತಿದೆ. ಆದರೆ ಅದು ಮಾದರಿ, ರಾಜ್ಯಗಳು ನೋಡಿ ಕಲಿಯಲಿ ಅಂತ ದೆಹಲಿ ಬರೆದಿಟ್ಟದ್ದು. ಇನ್ನು ಕರಾರು ಪತ್ರ. ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಮಾಡಿಸಬೇಕು. ಅದಕ್ಕೇ ಬಾಡಿಗೆದಾರರ ವರ್ಷಕ್ಕೆ 11 ತಿಂಗಳು. ಹಮಾಲನಿಗೆ ಆ 11 ತಿಂಗಳ ಕಾಗದವೂ ಸಿಗುವುದಿಲ್ಲ. ‘ನಾಳೆ ಮನಿ ನಂದೇ ಅಂದ್ರ?’ ಅಂತ ಮಾಲೀಕರಿಗೆ ಭಯ. ಕಾಗದ ಇಲ್ಲದಿದ್ದರೆ ಆಧಾರ್ ವಿಳಾಸ ಬದಲಿಸುವುದು ಕಷ್ಟ. ವಿಳಾಸ ಇಲ್ಲದಿದ್ದರೆ ಗೃಹಜ್ಯೋತಿಯ ಉಚಿತ ಕರೆಂಟಿಗೆ ಅರ್ಜಿ ಹಾಕೋದು ಹೇಗೆ? ಬಾಡಿಗೆದಾರರಿಗೂ ಉಂಟು ಅಂತ ಸರ್ಕಾರ ಹೇಳಿದ್ದು ನಿಜ. ಮೀಟರ್ ಇರುವುದು ಮಾಲೀಕರ ಹೆಸರಲ್ಲಿ. ಅವರಿಗೆ ಬಿಲ್ಲು ಸೊನ್ನೆ, ಹಮಾಲನಿಂದ ‘ಲೈಟಿಂದು’ ಅಂತ ತಿಂಗಳಿಗೆ ಇಷ್ಟು ಬೇರೆ. ಸರ್ಕಾರದ ಮನೆ ಕೇಳಲು ಕಚೇರಿಗೆ ಹೋದರೆ ‘ಎಲ್ಲಿ ಇದ್ದೀಯ ಅನ್ನೋದಕ್ಕೆ ದಾಖಲೆ ತಾ’ ಅನ್ನುತ್ತಾರೆ. ಇರೋಕೆ ಒಂದು ಜಾಗ ಕೊಡಿ ಅಂತ ಕೇಳಲು ಬಂದವನ ಹತ್ತಿರ!

ದೇಶದಲ್ಲಿ ಮನೆಗೇನೂ ಬರ ಇಲ್ಲ. 2011ರ ಜನಗಣತಿಯಲ್ಲಿ ನಗರಗಳಲ್ಲೇ 1.1 ಕೋಟಿ ಮನೆ ಖಾಲಿ ಇದ್ದವು. ಮರುವರ್ಷ ಸರ್ಕಾರದ್ದೇ ಸಮಿತಿ, ನಗರಗಳಲ್ಲಿ 1.88 ಕೋಟಿ ಮನೆ ಕಡಿಮೆ ಅಂತ ಲೆಕ್ಕ ಕೊಟ್ಟಿತು. ಕನ್ಯೆ ಇದೆ, ವರ ಇದ್ದಾನೆ, ನಡುವೆ ಮಾತಾಡುವವರಿಲ್ಲ. ಲಾಕ್‌ಡೌನ್‌ನಲ್ಲಿ ಕೂಲಿಕಾರರು ನಡೆದು ಊರು ಸೇರಿದ ಮೇಲೆ, 2020ರಲ್ಲಿ, ಸರ್ಕಾರದ ಖಾಲಿ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆ ಬಂತು. ಚಂಡೀಗಢ, ಅಹಮದಾಬಾದ್‌ಗಳಲ್ಲಿ ಕೆಲವು ಮನೆಗಳು ತೆರೆದವು. ನಮ್ಮ ಹಮಾಲರು ಅಹಮದಾಬಾದಿನಿಂದ ದಿನಾ ಗಂಜ್‌ಗೆ ಬಂದುಹೋಗಲು ರೈಲ್ವೆ ಪಾಸ್ ಮಾಡಿಸಿಕೊಳ್ಳಬಹುದಿತ್ತು. ಸೋಮಾರಿಗಳು.

ನಮ್ಮ ಜಿಲ್ಲೆಯಲ್ಲೂ ಖಾಲಿ ಮನೆಗಳಿವೆ. 2009ರ ನೆರೆ ಇಳಿದ ಮೇಲೆ ನದಿ ಬದಿಯ ಊರುಗಳಿಗೆ ಕಟ್ಟಿದ ‘ಆಸರೆ’ ಯೋಜನೆಯ ಮನೆಗಳು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ನೀರಿಲ್ಲ ಅಂತ ಬಹಳ ಕಡೆ ಜನ ಹೋಗಲೇ ಇಲ್ಲ. ಹಾಗಂತ ಹಣ ವ್ಯರ್ಥವಾಯಿತು ಅನ್ನಬೇಡಿ. ಅಲ್ಲಿ ಬಳ್ಳಾರಿ ಜಾಲಿ ಸಂಸಾರ ಹೂಡಿದೆ. ಪಕ್ಕದ ಜಿಲ್ಲೆಯ ಹೆಸರು ಹೊತ್ತು ಬಂದರೂ ಅದಕ್ಕೆ ಯಾರೂ ವಾಸಸ್ಥಳ ದೃಢೀಕರಣ ಕೇಳಲಿಲ್ಲ. ಅಡ್ವಾನ್ಸ್ ಇಲ್ಲ, ಕರಾರಿಲ್ಲ, ಖಂಡ ತಿನ್ನುವುದಿಲ್ಲ. ಹನ್ನೊಂದನೇ ತಿಂಗಳಿಗೆ ಖಾಲಿ ಮಾಡು ಅನ್ನುವ ಧೈರ್ಯ ಯಾರಿಗೂ ಇಲ್ಲ, ಮುಳ್ಳಿದೆ ನೋಡಿ. ಫಲಾನುಭವಿಗಳ ಪಟ್ಟಿಗೆ ಅದರ ಹೆಸರು ಸೇರಿಸಲು ಇರುವ ತೊಡಕು ಒಂದೇ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿಲ್ಲ.