ಕೈ ಎತ್ತಿದವನಿಗೆ ನೋಟಿಸು

ನಮ್ಮ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ಉದ್ಘಾಟನೆ ಬೆಳಿಗ್ಗೆ 9.30ಕ್ಕೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎಂಟೂವರೆಗೇ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡಕ್ಕೆ. ಅಷ್ಟು ಹೊತ್ತಿಗೆ ಇಬ್ಬರು ಹುಡುಗಿಯರು ತಲೆ ಸುತ್ತಿ ಕೂತಿದ್ದರು, ಒಂದು ಖೊಖೊ ತಂಡವಂತೂ ಆಡದೆಯೇ ಸುಸ್ತಾಗಿ ಹೊಂಗೆ ಮರದಡಿ ಸೇರಿಕೊಂಡಿತ್ತು. ಅತಿಥಿಗಳು ಮೈಕು ಹಿಡಿದು ಆಡಿದ ಮೊದಲ ಮಾತು: ‘ಕ್ರೀಡೆ ನಮಗೆ ಸಮಯಪಾಲನೆ ಕಲಿಸುತ್ತದೆ.’ ಯಾರೂ ನಗಲಿಲ್ಲ. ಮಂಡ್ಯ ಸೀಮೆಯವರಿಗೆ ನಗು ಬಾರದು ಅಂತಲ್ಲ, ವೇದಿಕೆಯ ಹಿಂದಿನಿಂದ ಮದ್ದೂರು ವಡೆಯ ವಾಸನೆ ಬರುತ್ತಿತ್ತು, ಜನರ ಧ್ಯಾನ ಅತ್ತ ಇತ್ತು.

ಆಮೇಲೆ ಅವರು ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕೆಂದು ಅಪ್ಪಣೆ ಕೊಡಿಸಿದರು. ಹಾಲಿನ ಡೇರಿ ಚುನಾವಣೆಯಲ್ಲಿ ಎರಡು ಮತದಿಂದ ಸೋತು, ಮೂರು ಸಲ ಮರುಎಣಿಕೆ ಮಾಡಿಸಿ, ಈಗ ಕೋರ್ಟಿಗೆ ಅಲೆಯುತ್ತಿರುವವರು ಅವರು. ಸೋಲಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಹೋಬಳಿಯಲ್ಲಿ ಇನ್ನೊಬ್ಬರಿಲ್ಲ. ಕೊನೆಗೆ, ‘ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹೆಣ್ಣುಮಗಳು ಚೈತ್ರಾ, 2025ರಲ್ಲಿ ಕಬಡ್ಡಿ ವಿಶ್ವಕಪ್ ಗೆದ್ದು ಬಂದಳು’ ಅಂದರು. ‘ಖೊಖೊ ಸಾರ್, ಖೊಖೊ’ ಎಂದು ಹೊಂಗೆ ಮರದಡಿಯಿಂದ ಏಳೆಂಟು ದನಿಗಳು ಬಂದವು. ಪಿ.ಟಿ. ಮೇಷ್ಟ್ರು ಪೀಪಿ ಊದಿ ಆ ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿದರು. ಅತಿಥಿಗಳ ಭಾಷಣಕ್ಕೆ ಅಡ್ಡಿಪಡಿಸುವುದು ಅಶಿಸ್ತು. ಸರಿಯಾದದ್ದನ್ನೇ ಹೇಳಿ ಅಡ್ಡಿಪಡಿಸುವುದು ಇನ್ನೂ ದೊಡ್ಡ ಅಶಿಸ್ತು.

ಆಮೇಲೆ ಕ್ರೀಡಾ ಪ್ರತಿಜ್ಞೆ. ಅದನ್ನು ಓದಲು ಏಳನೇ ಕ್ಲಾಸಿನ ಒಬ್ಬ ಹುಡುಗನನ್ನು ಆರಿಸಿದ್ದರು. ಕಾರಣ ಸರಳ: ನಮ್ಮ ಕಡೆ ಹಾಲನ್ನು ‘ಹಾಲು’ ಎಂದು, ಹಳ್ಳಿಯನ್ನು ‘ಹಳ್ಳಿ’ ಎಂದು ಓದುವ ಮಕ್ಕಳು ಕಡಿಮೆ. ಈ ಹುಡುಗ ಮಹಾಪ್ರಾಣವನ್ನೂ ಬಿಡದೆ ಓದುತ್ತಿದ್ದ. ನಿಯಮಗಳಿಗೆ ಬದ್ಧರಾಗಿ, ನಿಜವಾದ ಕ್ರೀಡಾ ಮನೋಭಾವದಿಂದ, ಶಾಲೆಯ ಗೌರವಕ್ಕಾಗಿ ಆಡುತ್ತೇವೆ ಎಂದು ಅವನು ಕೈ ಮುಂದೆ ಚಾಚಿ ಓದಿದ, ಉಳಿದ ಮಕ್ಕಳು ಕೂಗಿ ಹೇಳಿದರು. ದೊಡ್ಡವರು ಅಷ್ಟು ಹೊತ್ತೂ ಕಬ್ಬಿನ ದರದ ಮಾತಾಡುತ್ತಿದ್ದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ, ಬಿಡಿ. ಒಲಿಂಪಿಕ್ಸ್‌ನಲ್ಲೇ ಈ ವಿಚಾರ ನಿಧಾನ. ಆಟಗಾರರ ಪರವಾಗಿ ಮೊದಲ ಪ್ರತಿಜ್ಞೆ ಆದದ್ದು 1920ರಲ್ಲಿ, ಆಂಟ್‌ವರ್ಪ್‌ನಲ್ಲಿ. ವಿಕ್ಟರ್ ಬೋಯಿನ್ ಎಂಬ ಬೆಲ್ಜಿಯಂನ ಕತ್ತಿವರಸೆಗಾರ ಅದನ್ನು ಸ್ವೀಕರಿಸಿದ. ತೀರ್ಪುಗಾರರಿಗೂ ಒಂದು ಪ್ರತಿಜ್ಞೆ ಇದ್ದರೆ ಒಳ್ಳೆಯದು ಎಂದು ಜಗತ್ತಿಗೆ ಹೊಳೆಯಲು ಇನ್ನೂ 52 ವರ್ಷ ಬೇಕಾಯಿತು, 1972ರಲ್ಲಿ. ಕೋಚ್‌ಗಳಿಗೆ ಹೊಳೆದದ್ದು 2012ರ ಲಂಡನ್‌ನಲ್ಲಿ. ಇದೇ ವೇಗದಲ್ಲಿ ಹೋದರೆ ಅಪ್ಪಂದಿರ ಸರದಿ 2050ರ ಆಸುಪಾಸು ಬರುತ್ತದೆ. ಮುಖ್ಯ ಅತಿಥಿಗಳದ್ದು ಮುಂದಿನ ಶತಮಾನಕ್ಕೆ.

ಅಂಕ ಬರೆಯುವ ಕೆಲಸ ನನ್ನದಾಗಿತ್ತು. ಹಳೇ ವಿದ್ಯಾರ್ಥಿ, ಕನ್ನಡಕ ಇದೆ, ಜಗಳಕ್ಕೆ ಹೋಗುವವನಲ್ಲ. ಈ ಮೂರು ಅರ್ಹತೆಗಳ ಮೇಲೆ ನನ್ನನ್ನು ಕಬಡ್ಡಿ ಅಂಗಳದ ಪಕ್ಕ ಒಂದು ಮೇಜು ಹಾಕಿ ಕೂರಿಸಿದ್ದರು. ಹದಿನಾಲ್ಕು ವರ್ಷದೊಳಗಿನ ಬಾಲಕರ ಫೈನಲ್ಲು. ಎದುರು ತಂಡದಲ್ಲಿ ಒಬ್ಬನಿಗೆ ಮೀಸೆ ಇತ್ತು. ಮೊಳಕೆ ಮೀಸೆಯಲ್ಲ, ಕತ್ತರಿ ಕಂಡ ಮೀಸೆ. ನಮ್ಮ ತಂಡದಲ್ಲಿ ಮೀಸೆಯವರು ಯಾರೂ ಇರಲಿಲ್ಲ, ಬೆಳಿಗ್ಗೆ ಬೋಳಿಸಿಕೊಂಡು ಬಂದವನೊಬ್ಬ ಇದ್ದ. ದಾಖಲೆ ಪ್ರಕಾರ ಇಬ್ಬರೂ ಜೂನ್ 1ರಂದು ಹುಟ್ಟಿದವರು. ಅದರಲ್ಲಿ ವಿಶೇಷವಿಲ್ಲ, ನಮ್ಮ ಕಾಲದಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟುತ್ತಿತ್ತು. ಮೀಸೆಯವನ ವಿಷಯದಲ್ಲಿ ವಿಶೇಷ ಏನೆಂದರೆ, ಆ ಸರ್ಟಿಫಿಕೇಟಿನ ನಿಜವಾದ ಒಡೆಯ, ಅಂದರೆ ಅವನ ತಮ್ಮ, ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತು, ತನ್ನ ಹೆಸರನ್ನೇ ತಾನು ಕೂಗುತ್ತ ಅಣ್ಣನನ್ನು ಹುರಿದುಂಬಿಸುತ್ತಿದ್ದ.

ಕ್ರಿಕೆಟ್ ಮಂಡಳಿಯವರು ಹದಿನಾರರೊಳಗಿನವರ ವಯಸ್ಸು ತಿಳಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ಬೆಳವಣಿಗೆ ನೋಡುತ್ತಾರೆ. ನಮ್ಮ ಹೋಬಳಿಯಲ್ಲಿ ಅಷ್ಟು ಖರ್ಚಿಲ್ಲ. ‘ನಿಮ್ಮೋನ್ನ ನಾವು ಕೇಳಕ್ಕಿಲ್ಲ, ನಮ್ಮೋನ್ನ ನೀವು ಕೇಳ್ಬೇಡಿ’ ಎಂದು ಎರಡೂ ಕಡೆಯ ಮೇಷ್ಟ್ರುಗಳು ಟೀ ಕುಡಿಯುತ್ತ ಒಪ್ಪಂದಕ್ಕೆ ಬಂದರು. ಎರಡೇ ನಿಮಿಷ. ಕಾವೇರಿ ವಿಷಯದಲ್ಲಿ ಈ ಇಬ್ಬರನ್ನು ಯಾಕೆ ಯಾರೂ ಕಳಿಸಲಿಲ್ಲವೋ.

ಪಂದ್ಯ ಚೆನ್ನಾಗಿ ನಡೆಯಿತು, ಅಂದರೆ ಗೆರೆಯ ಒಳಗೆ ಚೆನ್ನಾಗಿ ನಡೆಯಿತು. ಹೊರಗೆ ಎರಡು ಸಲ ಕಾಲರ್ ಹಿಡಿದದ್ದಾಯಿತು, ಒಮ್ಮೆ ಕುರ್ಚಿ ಎತ್ತಿದ್ದಾಯಿತು. ಸುಣ್ಣದ ಗೆರೆಯಂತೂ ಅಪ್ಪಂದಿರ ಬೂಟುಗಾಲಿಗೆ ಸಿಕ್ಕಿ ಅಳಿಸಿಯೇ ಹೋಯಿತು. ಇದೇ ಜನ ದಸರೆಗೆ ಮೈಸೂರಿಗೆ ಕುಸ್ತಿ ನೋಡಲು ಹೋಗುತ್ತಾರೆ, ಗರಡಿ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕೆಮ್ಮಣ್ಣಾದರೆ ದೇವರು, ಶಾಲೆಯ ಮಣ್ಣಾದರೆ ಮಣ್ಣು.

ಕೊನೆಯ ರೈಡು. ಅಂಕ 23-23. ಮೀಸೆಯವನೇ ದಾಳಿಗೆ ಬಂದ. ನಮ್ಮ ಬಲ ಮೂಲೆಯಲ್ಲಿ ನಿಂತವನು ಉದ್ಘಾಟನೆಯಲ್ಲಿ ಪ್ರತಿಜ್ಞೆ ಓದಿದ ಹುಡುಗ. ಮೀಸೆ ಎಡಕ್ಕೆ ನುಗ್ಗಿದಂತೆ ಮಾಡಿ, ತಟ್ಟನೆ ತಿರುಗಿ ಬಲಕ್ಕೆ ಕಾಲು ಚಾಚಿ, ಮೂವತ್ತು ಸೆಕೆಂಡು ತುಂಬುವ ಮೊದಲೇ ನಡುಗೆರೆ ಸೇರಿಕೊಂಡ. ರೆಫ್ರಿ ಎಡಗಡೆಯೇ ನೋಡುತ್ತಿದ್ದರು. ಪೀಪಿ ಊದಿ, ಕೈಯಾಡಿಸಿ, ಖಾಲಿ ರೈಡು ಎಂದರು. ಪಂದ್ಯ ಸಮ, ಇನ್ನು ಹೆಚ್ಚುವರಿ ಆಟ. ಜನ ಉಸಿರು ಬಿಟ್ಟರು.

ಕಬಡ್ಡಿಯಲ್ಲಿ ಮುಟ್ಟಿದ್ದು ಎಷ್ಟೋ ಸಲ ಮುಟ್ಟಿದವನಿಗೆ, ಮುಟ್ಟಿಸಿಕೊಂಡವನಿಗೆ ಬಿಟ್ಟರೆ ಮೂರನೆಯವರಿಗೆ ತಿಳಿಯುವುದಿಲ್ಲ. ಚರ್ಮಕ್ಕೆ ಮಾತ್ರ ಗೊತ್ತಾಗುವ ಸಂಗತಿ ಅದು. ಮೂಲೆಯ ಹುಡುಗ ಕೈ ಎತ್ತಿದ. ಎತ್ತಿದ ಕೈ ಇಳಿಸದೆ ಗೆರೆ ದಾಟಿ ಹೊರಗೆ ಹೋಗಿ ಕೂತ.

ಆ ಮೌನವನ್ನು ನಾನು ಬಹಳ ದಿನ ಮರೆಯಲಾರೆ. ಕುರ್ಚಿ ಎತ್ತಿದವನೂ ಕುರ್ಚಿ ಇಳಿಸಿ ನೋಡಿದ.

ಮೊದಲು ಬಾಯಿ ಬಿಟ್ಟವರು ನಮ್ಮ ಕಡೆಯವರು. ‘ಯಾಕ್ಲಾ ಕೈ ಎತ್ತುದೆ? ಇದೇನ್ ಗ್ರಾಮಸಭೆನಾ?’ ಎಂದು ಒಬ್ಬರು. ‘ಅವ್ನು ಮುಟ್ಟುದ್ನೋ ಬುಟ್ನೋ ನೋಡೋಕೆ ರೆಫ್ರಿ ಅವ್ನೆ, ನಿಂಗ್ಯಾಕ್ಲಾ ಊರುಸಾಬರಿ?’ ಎಂದು ಇನ್ನೊಬ್ಬರು. ಹುಡುಗನ ಸೋದರಮಾವ ಕಾನೂನು ಓದಿಕೊಂಡವರು, ಅವರು ವಾದವನ್ನು ಎತ್ತರಕ್ಕೆ ಒಯ್ದರು: ‘ರೆಫ್ರಿ ನೋಡ್ನಿಲ್ಲ ಅಂದ್ಮೇಲೆ ಅದು ಮುಟ್ಟಿದ್ದೇ ಅಲ್ಲ ಕಣ್ಲಾ.’ ಗೆಲ್ಲಬೇಕಾದ ಎದುರು ಪಾರ್ಟಿಯವರಿಗಾದರೂ ಸಂತೋಷವಾಗಬೇಕಿತ್ತಲ್ಲ, ಅದೂ ಇಲ್ಲ. ಅವರು ಗುಂಪು ಕಟ್ಟಿ ಪಿಸುಗುಟ್ಟಿದರು. ‘ಇದ್ರಲ್ಲೇನೋ ಐತೆ. ಪುಕ್ಕಟೆ ಪಾಯಿಂಟು ಯಾರಾದ್ರೂ ಕೊಟ್ಟಾರಾ? ಮೀಸೆ ಇಷ್ಯ ಎತ್ತೋಕೆ ಪ್ಲಾನು ಕಣ್ರೋ.’ ಮೀಸೆಯವನು ಮಾತ್ರ ಹೋಗಿ ಹುಡುಗನ ಪಕ್ಕ ಕೂತು, ತಮ್ಮನ ಕೈಯಿಂದ ಬಾಟಲಿ ಇಸಿದು ಅವನಿಗೆ ನೀರು ಕೊಟ್ಟ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ವಯಸ್ಸು ಮೀರಿದವನ ನಡತೆ.

ಎಲ್ಲರಿಗಿಂತ ಹೆಚ್ಚು ನೊಂದವರು ರೆಫ್ರಿ. ‘ನಾನು ಖಾಲಿ ರೈಡು ಅಂತ ತೀರ್ಪು ಕೊಟ್ಟಿದ್ದೀನಿ. ಇವನು ಔಟ್ ಅಂತಾನೆ. ಅಂದರೆ ನನ್ನ ತೀರ್ಪನ್ನು ಸಾರ್ವಜನಿಕವಾಗಿ ಪ್ರಶ್ನಿಸಿದ ಹಾಗಾಯ್ತು’ ಎಂದು ಜೇಬಿನಿಂದ ಹಸಿರು ಕಾರ್ಡು ತೆಗೆದು, ಕೂತಿದ್ದ ಹುಡುಗನಿಗೆ ತೋರಿಸಿದರು. ಹಸಿರು ಎಂದರೆ ಎಚ್ಚರಿಕೆ. ಕಾಲರ್ ಹಿಡಿದವರಿಗೆ ಯಾವ ಬಣ್ಣವೂ ಇರಲಿಲ್ಲ. ಕಾರ್ಡುಗಳು ಆಡುವವರಿಗೆ ಮಾತ್ರ.

ಹುಡುಗ ಒಳಗೆ ಬರಲು ಒಪ್ಪದ್ದರಿಂದ ರೆಫ್ರಿ ಬೇರೆ ದಾರಿಯಿಲ್ಲದೆ ಅಂಕ ಕೊಟ್ಟರು. 23-24 ಎಂದು ಬರೆದೆ. ಪೆನ್ನು ಕಸಿಯಲು ಇಬ್ಬರು ಬಂದರು.

ಈ ಕಥೆಯನ್ನು ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಭಾವನಿಗೆ ಹೇಳಿದೆ. ‘ನಿಮ್ಮ ಮಂಡ್ಯದವರದ್ದು ಒರಟು’ ಎಂದು ನಕ್ಕು, ಭಾನುವಾರ ಮಗನ ಹನ್ನೆರಡರೊಳಗಿನವರ ಕ್ರಿಕೆಟ್ಟಿಗೆ ಕರೆದೊಯ್ದರು. ಅಲ್ಲಿ ಎಲ್ಲ ನಯ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ. ಎಲ್ಬಿ ಕೊಟ್ಟ ಅಂಪೈರಿಗೆ ಒಬ್ಬ ತಂದೆ ಬೈದ ಬಗೆ ಹೀಗೆ: ‘ಸಾರ್, ತಮ್ಮ ಕನ್ನಡಕದ ನಂಬರು ಬದಲಾಗಿರಬಹುದು. ದಯಮಾಡಿ ಒಮ್ಮೆ ತೋರಿಸಿಕೊಂಡರೆ ಮಕ್ಕಳ ಭವಿಷ್ಯಕ್ಕೆ ಒಳ್ಳೆಯದು.’ ಇನ್ನೊಬ್ಬರು ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸುತ್ತ ಪಿಚ್‌ವರೆಗೆ ನಡೆದು ಬಂದರು. ಭಾವ ಎದ್ದು ನಿಂತು ಅಪೀಲು ಮಾಡಿದರು, ಬೌಲ್ ಮಾಡುತ್ತಿದ್ದದ್ದು ಎದುರು ತಂಡ ಎಂದು ಅಕ್ಕ ನೆನಪಿಸಿದ ಮೇಲೆ ಕೂತರು.

ಇದು ಜಾವಗಲ್ ಶ್ರೀನಾಥರ ಊರು. 1999ರ ದೆಹಲಿ ಟೆಸ್ಟಿನಲ್ಲಿ ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿದ್ದಾಗ, ಹತ್ತನೆಯದು ಎಲ್ಲಿ ತನ್ನ ಲೆಕ್ಕಕ್ಕೆ ಬಿದ್ದುಬಿಡುತ್ತದೋ ಎಂದು ಸ್ಟಂಪಿನಿಂದ ದೂರ ದೂರ ಎಸೆದ ಮನುಷ್ಯ. 2006ರಿಂದ ಐಸಿಸಿ ಮ್ಯಾಚ್ ರೆಫ್ರಿಯಾಗಿ ಲೋಕದ ಆಟಗಾರರ ನಡತೆ ತಿದ್ದುತ್ತಿರುವವರು. ಆ ನಿಯಮಾವಳಿಯಲ್ಲಿ ಅಂಪೈರ್ ತೀರ್ಪಿಗೆ ಅಸಮ್ಮತಿ, ಅತಿಯಾದ ಅಪೀಲು ಎಲ್ಲಕ್ಕೂ ಹಂತಗಳಿವೆ. ಮೊದಲ ಹಂತಕ್ಕೆ ಪಂದ್ಯ ಶುಲ್ಕದ ಶೇ. 50ರವರೆಗೆ ದಂಡ, ಒಂದೋ ಎರಡೋ ಡಿಮೆರಿಟ್ ಅಂಕ. 24 ತಿಂಗಳಲ್ಲಿ ನಾಲ್ಕು ಅಂಕ ಸೇರಿದರೆ ಅಮಾನತು. ಅಪ್ಪಂದಿರಿಗೂ ಇದನ್ನೇ ಅನ್ವಯಿಸಿದರೆ ಹೇಗೆ ಎಂದು ಭಾವನ ಲೆಕ್ಕ ಹಾಕುತ್ತ ಕೂತೆ. 24 ತಿಂಗಳು ಬೇಕಾಗಲಿಲ್ಲ, 24 ನಿಮಿಷಕ್ಕೆ ಅಮಾನತಾದರು. ಶುಲ್ಕದ ಅರ್ಧ ಕತ್ತರಿಸೋಣವೆಂದರೆ ಅಲ್ಲಿ ಶುಲ್ಕ ಕಟ್ಟುವವರೇ ಅವರು.

ಇತ್ತ ನಮ್ಮ ಶಾಲೆಯಲ್ಲಿ ಕೈ ಎತ್ತಿದ ಹುಡುಗನ ವಿಚಾರಣೆಗೆ ಸಭೆ ಸೇರಿತು. ನನ್ನನ್ನೂ ಸಾಕ್ಷಿಯಾಗಿ ಕರೆದಿದ್ದರು. 1980ರ ಮುಂಬಯಿ ಜುಬಿಲಿ ಟೆಸ್ಟಿನ ಮಾತೆತ್ತಿದೆ. ಔಟ್ ಎಂದು ಅಂಪೈರ್ ಬೆರಳೆತ್ತಿದ ಮೇಲೂ ನಾಯಕ ಜಿ.ಆರ್. ವಿಶ್ವನಾಥ್ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದದ್ದನ್ನು ಹೇಳಿದೆ. ‘ಆಮೇಲೆ?’ ಅಂದರು. ‘ಟೇಲರ್, ಬೋಥಂ ಸೇರಿ 171 ರನ್ ಹೊಡೆದರು.’ ‘ಆಮೇಲೆ?’ ‘ನಾವು ಹತ್ತು ವಿಕೆಟ್‌ಗಳಿಂದ ಸೋತೆವು.’ ಅಧ್ಯಕ್ಷರು ಉಳಿದವರ ಮುಖ ನೋಡಿದರು. ಸಾಕ್ಷಿ ಹುಡುಗನಿಗೆ ವಿರುದ್ಧವಾಗಿದೆ ಎಂದು ದಾಖಲಿಸಲಾಯಿತು.

ನೋಟಿಸು ಹೀಗಿತ್ತು: ‘ಸದರಿ ವಿದ್ಯಾರ್ಥಿಯು ತೀರ್ಪುಗಾರರು ಗಮನಿಸದೇ ಇದ್ದ ಸಂಗತಿಯನ್ನು ಸ್ವಇಚ್ಛೆಯಿಂದ ಗಮನಿಸಿ, ಸಂಬಂಧಪಟ್ಟವರ ಪೂರ್ವಾನುಮತಿ ಪಡೆಯದೆ ಬಹಿರಂಗಪಡಿಸಿ, ಶಾಲೆಗೆ ಬರಬಹುದಾಗಿದ್ದ ಪಾರಿತೋಷಕಕ್ಕೆ ಚ್ಯುತಿ ತಂದಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ ಪೋಷಕರ ಸಹಿಯೊಂದಿಗೆ ವಿವರಣೆ ನೀಡತಕ್ಕದ್ದು.’

ಹುಡುಗ ವಿವರಣೆ ಬರೆದು ತಂದ. ಎರಡು ಗೆರೆಯ ಪುಸ್ತಕದ ಹಾಳೆ, ದುಂಡು ಅಕ್ಷರ.

‘ಮಾನ್ಯರೆ, ಅವನ ಹೆಬ್ಬೆರಳು ನನ್ನ ಮೊಣಕಾಲಿಗೆ ತಾಗಿತು. ಉದ್ಘಾಟನೆಯಲ್ಲಿ ನನ್ನ ಕೈಯಲ್ಲಿ ಪ್ರತಿಜ್ಞೆ ಓದಿಸಿದ್ದಿರಿ. ಅದರಲ್ಲಿ ನಿಯಮ ಎಂದು ಇತ್ತು. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.’

ಸಭೆಗೆ ಆಗ ರೋಗದ ಮೂಲ ಸಿಕ್ಕಿತು. ‘ಅಯ್ಯೋ, ಓದು ಅಂದ್ರೆ ಅರ್ಥ ಮಾಡ್ಕೊಂಡವ್ನೆ’ ಎಂದು ಒಬ್ಬ ಸದಸ್ಯರು ಹಣೆ ಚಚ್ಚಿಕೊಂಡರು. ತಪ್ಪು ಹುಡುಗನದ್ದಲ್ಲ, ಆಯ್ಕೆ ಮಾಡಿದವರದ್ದು ಎಂಬ ಅಭಿಪ್ರಾಯ ಬಂತು. ಪಿ.ಟಿ. ಮೇಷ್ಟ್ರು ಉಚ್ಚಾರಣೆ ನೋಡಿ ಆರಿಸಿದೆ ಎಂದು ತಪ್ಪೊಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ಅವರಿಗೂ ಒಂದು ನೋಟಿಸು ಕೊಡಬೇಕೆಂದು ಸೋದರಮಾವ ಸೂಚಿಸಿದರು, ಅದು ಮುಂದಿನ ಸಭೆಗೆ ಹೋಯಿತು.

ಕೊನೆಗೆ ಸರ್ವಾನುಮತದಿಂದ ಆದ ನಿರ್ಣಯ ಒಂದೇ: ಮುಂದಿನ ವರ್ಷದಿಂದ ಪ್ರತಿಜ್ಞೆ ಬೋಧಿಸುವ ವಿದ್ಯಾರ್ಥಿಯನ್ನು ಯಾವ ಆಟಕ್ಕೂ ಇಳಿಸತಕ್ಕದ್ದಲ್ಲ. ‘ಹ’ಕಾರ ಸ್ಪಷ್ಟವಿರುವ, ಓಟ ಬಾರದ ಒಬ್ಬ ಹುಡುಗನಿಗಾಗಿ ಮೇಷ್ಟ್ರು ಈಗ ಕ್ಲಾಸಿನಿಂದ ಕ್ಲಾಸಿಗೆ ಹುಡುಕುತ್ತಿದ್ದಾರೆ.