ಡೇರೆ ಗಡ್ಡೆಯ ಜೊತೆ ಬಂದವನು

ಮಳೆಗಾಲ ಶುರುವಾದರೆ ಚಿಕ್ಕಮಗಳೂರಿನ ಹೆಂಗಸರು ಯಾರ ಮನೆಯಿಂದಲೂ ಬರಿಗೈಲಿ ವಾಪಸ್ ಬರುವುದಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಡೇರೆ ಗಡ್ಡೆಯೋ ಸೇವಂತಿಗೆ ಹಿಳ್ಳೋ ಇದ್ದೇ ಇರುತ್ತದೆ. "ಬುಡದ ಮಣ್ಣು ಉದುರಿಸಬೇಡಿ ಮಾರಾಯ್ರೆ, ಆಮೇಲೆ ಗಿಡ ಹಿಡಿಯಲ್ಲ" ಎಂದು ಕೊಟ್ಟವರು ಎರಡು ಸಲ ಹೇಳಿ ಕಳಿಸುತ್ತಾರೆ. ಆ ಹಿಡಿ ಮಣ್ಣಿನಲ್ಲಿ ಸಿಂಬಳದ ಹುಳುವಿನ ಮೊಟ್ಟೆಯೂ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ?

ಚಿಪ್ಪಿಲ್ಲದ, ಕಪ್ಪು ಮೈಯ ಆಸಾಮಿ ಇವನು. ಚಪ್ಪಟೆ ಬೆನ್ನಿನ ನಡುವೆ ಉದ್ದಕ್ಕೂ ಒಂದು ಮಸುಕು ಗೆರೆ. ಕಡ್ಡಿಯಿಂದ ಮಗುಚಿ ಹಾಕಿದರೆ ಹೊಟ್ಟೆಯ ಮೇಲೆ ಕಿರಿದಾದ ಪಟ್ಟಿ ಕಾಣುತ್ತದೆ, ಅದೇ ಕಾಲು. ತಾಕಿದ ಕೂಡಲೇ ಕೊಂಬು ಒಳಗೆ, ಮೈ ಮುದ್ದೆ. ಹಗಲೆಲ್ಲ ಕುಂಡದ ಅಡಿಯಲ್ಲಿ ನಿದ್ದೆ, ರಾತ್ರಿ ಚಿಗುರಿನ ಊಟ. ಬೆಳಿಗ್ಗೆ ನಮ್ಮ ಪಾಲಿಗೆ ಎಲೆಯ ನರ, ಜೊತೆಗೆ ಮಿರಮಿರ ಮಿಂಚುವ ಲೋಳೆ.

ವಿಜ್ಞಾನಿಗಳು ಕೊಟ್ಟ ಹೆಸರು ಲೇವಿಕಾಲಿಸ್ ಆಲ್ಟೆ. ಮೂಲ ಊರು ಆಫ್ರಿಕಾ. ಅಂಗಳ ದಾಟಲು ಇಡೀ ರಾತ್ರಿ ಬೇಕಾದ ಈ ಪ್ರಾಣಿ ಭಾರತ, ಆಸ್ಟ್ರೇಲಿಯಾ, ಹವಾಯಿ ಎಲ್ಲ ಸುತ್ತಿದೆ. ಟಿಕೆಟ್ ತೆಗೆದವರು ನಾವೇ ಅಲ್ವಾ! ಗಿಡ ಸಾಗಿಸಿದೆವು, ಮಣ್ಣು ಸಾಗಿಸಿದೆವು, ಒಳಗೆ ಕೂತವನನ್ನು ನೋಡಲಿಲ್ಲ. ಇವುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇಲ್ಲ, ಎರಡೂ ಒಂದೇ ಮೈಯಲ್ಲಿ. ಹಾಗಾಗಿ ಪ್ರತಿಯೊಂದೂ ಮೊಟ್ಟೆ ಇಡುವಂಥದ್ದೇ.

ಇವನ ನೆಂಟ, ಶಂಖ ಹೊತ್ತ ಆಫ್ರಿಕನ್ ದೈತ್ಯ ಬಸವನಹುಳು ಬಂದದ್ದು ಮಾತ್ರ ಕದ್ದುಮುಚ್ಚಿ ಅಲ್ಲ. ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿಗೆ ಚಿಪ್ಪಿನ ಹುಚ್ಚು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಜೀವಂತ ಹುಳುಗಳನ್ನು ತಂದ. ಅವು ಚೌರಂಗಿಯ ಒಂದು ತೋಟ ಸೇರಿದವು. ಆಮೇಲಿನ ಕತೆ ಕಾಫಿ ತೋಟದವರನ್ನು ಕೇಳಿ, ಬೈಗುಳದ ಸಮೇತ ಹೇಳುತ್ತಾರೆ.

ನಾನೂ ಬೈಯುತ್ತೇನೆ. ಆದರೆ ನಾವು ಇಷ್ಟು ಜೋಪಾನ ಮಾಡುವ ಡೇರೆಯೇನು ಮುಳ್ಳಯ್ಯನಗಿರಿಯಲ್ಲಿ ಹುಟ್ಟಿದ್ದಾ? ಅದು ಮೆಕ್ಸಿಕೋದ್ದು. ಮೆಕ್ಸಿಕೋದ ಗಿಡವನ್ನು ಆಫ್ರಿಕಾದ ಹುಳು ತಿಂದರೆ ನಮ್ಮ ಮನೆಯಲ್ಲಿ ಗಲಾಟೆ.

ಉಪ್ಪು ಹಾಕಿದರೆ ಮೈಯ ನೀರೆಲ್ಲ ಸೋರಿ ಹುಳು ಸಾಯುತ್ತದೆ, ನಿಜ. ಕುಂಡಕ್ಕೆ ಸುರಿದರೆ ಗಿಡವೂ ಕೆಡುತ್ತದೆ. ಬರಿಗೈಲಿ ಮುಟ್ಟುವುದೂ ಬೇಡ, ಇಲಿಯಿಂದ ಬರುವ ಒಂದು ಪರಾವಲಂಬಿ ಹುಳು ಇದರ ಮೈಯಲ್ಲಿರಬಹುದು. ರಾತ್ರಿ ಟಾರ್ಚ್ ಹಿಡಿದು, ಕಡ್ಡಿಯಿಂದ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ವಾಸಿ. ಅಷ್ಟು ಮನಸ್ಸು ಗಟ್ಟಿಯಿಲ್ಲದವರು ಕಾಂಪೌಂಡಿನಾಚೆ ಎಸೆಯುತ್ತಾರೆ. ಆಚೆ ಮನೆಯವರೂ ಅದನ್ನೇ ಮಾಡುತ್ತಿದ್ದಾರೆ ಅಂತ ನನಗೆ ಬಲವಾದ ಅನುಮಾನ.