ಬಣ್ಣದಷ್ಟೇ ಮುಖ್ಯವಾದ ದೇಹರಚನೆ

ಸ್ಕಲ್ಪಿನ್ ಮೀನು ತಳದ ಕಲ್ಲುಗಳ ನಡುವೆ ಕಣ್ಣಿಗೆ ಬೀಳದಿರಲು ಅದರ ಕಂದು ಮಚ್ಚೆಗಳೇ ಕಾರಣವೆಂದು ಈ ಮೀನಿನ ಬಗ್ಗೆ ನಾನು ಓದಿದ ಲೇಖನವೊಂದು ಹೇಳುತ್ತದೆ. ಅದರ ದೇಹರಚನೆಗೂ ಇದರಲ್ಲಿ ದೊಡ್ಡ ಪಾಲಿದೆ ಎಂಬುದನ್ನು ಸೇರಿಸಬಯಸುತ್ತೇನೆ. ಉತ್ತರ ಅಮೆರಿಕದ ತಣ್ಣನೆಯ ತೊರೆಗಳಲ್ಲಿರುವ ಮಾಟಲ್ಡ್ ಸ್ಕಲ್ಪಿನ್ ಎಂಬ ಪ್ರಭೇದಕ್ಕೆ, ಅನೇಕ ಮೀನುಗಳನ್ನು ತೇಲಿಸುವ ಗಾಳಿಚೀಲವೇ ಇಲ್ಲ. ಹೀಗಾಗಿ ಈಜು ನಿಲ್ಲಿಸಿದೊಡನೆ ತಳಕ್ಕಿಳಿಯುವ ಈ ಪುಟ್ಟ ಮೀನು, ಬೀಸಣಿಗೆಯಂತೆ ಹರಡಿದ ಎದೆಯ ಈಜುರೆಕ್ಕೆಗಳನ್ನು ಕಲ್ಲಿಗೆ ಒತ್ತಿಕೊಂಡು ರಭಸದ ಹರಿವಿನಲ್ಲೂ ಕದಲದೆ ಕೂರುತ್ತದೆ. ಅಲುಗಾಟವಿಲ್ಲದಿದ್ದಾಗಲೇ ಆ ಮಚ್ಚೆಗಳಿಗೆ ಅರ್ಥ ಬರುವುದು. ಕತ್ತಲಾದ ಮೇಲೆ, ಮೈಪಕ್ಕದ ಸಂವೇದನಾ ರೇಖೆಯ ಮೂಲಕ ನೀರಿನ ಸಣ್ಣ ಕಂಪನವನ್ನೂ ಗ್ರಹಿಸಿ, ಹತ್ತಿರ ಸುಳಿಯುವ ಕೀಟಗಳ ಮರಿಹುಳುಗಳ ಮೇಲೆ ಅದು ಥಟ್ಟನೆ ಎರಗುತ್ತದೆ.

ಇನ್ನೂ ಗಮನಾರ್ಹವಾದದ್ದು ಅದರ ಸಂತಾನಪಾಲನೆ. ವಸಂತದಲ್ಲಿ ತಲೆ ಕಪ್ಪಾಗುವ ಗಂಡು ಕಲ್ಲಿನಡಿಯ ಪೊಟರೆಯನ್ನು ಕಾಯುತ್ತದೆ. ಹೆಣ್ಣು ಮೈ ಮಗುಚಿ ಪೊಟರೆಯ ಚಾವಣಿಗೆ ಮೊಟ್ಟೆಗಳ ಗೊಂಚಲನ್ನು ಅಂಟಿಸಿ ಹೊರಟುಹೋಗುತ್ತದೆ. ಒಂದೇ ಪೊಟರೆಯಲ್ಲಿ ಹಲವು ಹೆಣ್ಣುಗಳು ಇಟ್ಟ ಮೊಟ್ಟೆಗಳಿಗೂ ರೆಕ್ಕೆ ಬೀಸಿ ಹೊಸ ನೀರು ಹಾಯಿಸುತ್ತ, ಮರಿಗಳಾಗುವವರೆಗೆ ಕಾಯುವುದು ಆ ಗಂಡೇ. ತೊರೆಯ ಕಲ್ಲುಗಳ ಸಂದಿಗೆ ಹೂಳು ತುಂಬಿದರೆ ಅಡಗುದಾಣದ ಜೊತೆಗೆ ಈ ಗೂಡುಗಳೂ ಇಲ್ಲವಾಗುತ್ತವೆ. ಲೇಖಕರು ಈ ಅಂಶವನ್ನೂ ವಿವರವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ.